ಮೈನಸ್ ಎರಡನೇ ಮನೆ

ನಮ್ಮ ತೋಟದ ಬೋರ್‌ವೆಲ್ ಐದು ಮನೆಗೆ ಸೇರಿದ್ದು. ನನ್ನ ಗಂಡನ ಅಜ್ಜನಿಗೆ ಐದು ಜನ ಗಂಡುಮಕ್ಕಳು. ಬೇರೆಯಾದಾಗ ತೆಂಗಿನ ಮರಗಳನ್ನು ಎಣಿಸಿ ಹಂಚಿಕೊಂಡರು, ಅಟ್ಟದ ಮೇಲಿನ ಕೊಬ್ಬರಿಯನ್ನು ಹಂಚಿಕೊಂಡರು, ಹಿತ್ತಾಳೆ ಹಂಡೆಗೆ ಜಗಳವಾಡಿ ಅದನ್ನೂ ಯಾರೋ ಒಬ್ಬರು ಹೊತ್ತುಕೊಂಡು ಹೋದರು. ಆಮೇಲೆ ಕೂಡಿ ಕೊರೆಸಿದ ಬೋರ್ ಮಾತ್ರ ಜಂಟಿಯಾಗಿ ಉಳಿಯಿತು. ಅದಕ್ಕೆ ಸರದಿ. ದಿನಕ್ಕೊಂದು ಮನೆ, ಹಿರಿಯರಿಂದ ಕಿರಿಯರಿಗೆ. ಐದನೆಯವರ ದಿನ ಮುಗಿದರೆ ಮತ್ತೆ ಮೊದಲನೆಯವರು. ಕರೆಂಟ್ ಬರಲಿ ಬಿಡಲಿ, ದಿನ ಕಳೆದರೆ ಸರದಿಯೂ ಕಳೆದ ಹಾಗೆ.

ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ಮೋಟರ್ ಮನೆಯ ಸ್ಟಾರ್ಟರ್‌ನಲ್ಲಿ ಆಟೋ ಅಂತ ಒಂದು ಸ್ವಿಚ್ ಇದೆ. ಅದನ್ನು ಹಾಕಿಬಿಟ್ಟರೆ ಕರೆಂಟ್ ಬಂದ ಕೂಡಲೇ ಮೋಟರ್ ತಾನೇ ಓಡಲು ಶುರು ಮಾಡುತ್ತದೆ, ನಾವು ಅಲ್ಲಿ ಇರಬೇಕಿಲ್ಲ. ಆದರೆ ನಮ್ಮ ಬೋರಿನಲ್ಲಿ ನೀರು ಕಡಿಮೆ. ಒಂದೆರಡು ಗಂಟೆಗೊಮ್ಮೆ ನಿಲ್ಲಿಸಿ, ನೀರು ಏರಲು ಬಿಟ್ಟು, ಮತ್ತೆ ಹಾಕಬೇಕು. ಇಲ್ಲದಿದ್ದರೆ ಮೋಟರ್ ಬರೀ ಗಾಳಿ ಎಳೆದು ಸುಟ್ಟುಹೋಗುತ್ತದೆ. ಹಾಗಾಗಿ ಆಟೋಗೆ ಯಾರೂ ಕೈ ಹಾಕಕೂಡದು ಎಂದು ಐದೂ ಮನೆಯ ಒಪ್ಪಂದ. ನಾನು ಮದುವೆಯಾಗಿ ಬಂದ ವಾರವೇ ಅದನ್ನು ನನಗೆ ಹೇಳಿಕೊಟ್ಟವರು ದೊಡ್ಡತ್ತೆ.

ದೊಡ್ಡತ್ತೆ ಎಂದರೆ ನನ್ನ ಮಾವನವರ ಅಣ್ಣನ ಹೆಂಡತಿ. ಐವರಲ್ಲಿ ಮೂರನೆಯವರ ಮನೆ ಅವರದು, ನಾಲ್ಕನೆಯದು ನಮ್ಮದು. ಗಂಡ ಹೋದ ಮೇಲೂ ತೋಟವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಮಗ ಅಮ್ಮಸಂದ್ರದ ಕಡೆ ಕೆಲಸಕ್ಕೆ ಹೋಗಿ ಸಂಜೆ ಬರುತ್ತಾನೆ. ಅವನಿಗೆ ತೋಟದ ಬಗ್ಗೆ ಗೊತ್ತಿರುವುದು ಎಳನೀರು ಸಿಹಿಯಾಗಿರುತ್ತದೆ ಅನ್ನುವುದಷ್ಟೇ, ಅಂತ ಅವರೇ ನಗುತ್ತ ಹೇಳುತ್ತಿದ್ದರು. ಬದುವಿನ ಪಕ್ಕದ ಒಂದು ಹಳೇ ಮರದ ಕಾಯಿಗಳನ್ನೇ ಆರಿಸಿ, ಮೋಟರ್ ಮನೆಯ ಹಿಂದೆ ಪಾತಿ ಮಾಡಿ ಸಸಿ ಎಬ್ಬಿಸಿದ್ದರು. ನಮ್ಮ ಮನೆಗಳಲ್ಲಿ ಯಾರ ಯಾವ ಹಸು ಯಾವ ತಿಂಗಳು ಕರು ಹಾಕಿತು ಅನ್ನುವುದರಿಂದ ಹಿಡಿದು ಎಲ್ಲಕ್ಕೂ ಅವರ ನೆನಪೇ ಆಧಾರ. ನನಗೆ ಇದು ಸ್ವಲ್ಪ ಕಿರಿಕಿರಿಯೂ ಆಗುತ್ತಿತ್ತು, ನಿಜ ಹೇಳಬೇಕು.

ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಈ ಬೇಸಿಗೆಯ ಮೊದಲಿಗೆ ಸರದಿಯ ಬಗ್ಗೆ ಮನೆಮನೆಗೂ ಚಿಕ್ಕಪುಟ್ಟ ಮಾತು ಬಂದು, ಇವತ್ತು ನಿಮ್ಮದಲ್ಲ ನಮ್ಮದು ಎಂದು ಶುರುವಾದಾಗ, ನಾನು ಜಂಬದಿಂದ ಮಧ್ಯೆ ಹೋದೆ. ತಾರೀಖು ಒತ್ತಿದರೆ ಆ ದಿನ ಯಾರ ಸರದಿ ಎಂದು ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆದು ಫೋನಿಗೆ ಹಾಕಿಕೊಂಡೆ. ಯುಗಾದಿಯ ದಿನ ದೊಡ್ಡ ಮನೆಯವರದು, ಅಂದರೆ ಮೊದಲನೆಯವರದು. ಹಬ್ಬದ ನೀರಿನ ಆಸೆಗೆ ಆ ಮನೆಯ ಭಾವ ಅದನ್ನು ಬೆರಳು ಮಡಿಚಿ ಎಣಿಸಿಯೇ ಇಟ್ಟಿದ್ದರು, ಯಾರದೂ ತಕರಾರಿರಲಿಲ್ಲ. ಹಬ್ಬದಿಂದ ಮುಂದಿನ ದಿನಗಳಿಗೆ ತೋರಿಸಿದರೆ ಸಾಕು ಎಂದು, ಅಲ್ಲಿಂದ ಎಷ್ಟು ದಿನ ಕಳೆಯಿತೋ ಅದನ್ನು ಐದರಿಂದ ಭಾಗಿಸಿ ಉಳಿಯುವ ಶೇಷವೇ ಮನೆಯ ಸಂಖ್ಯೆ. ಶೇಷ ಸೊನ್ನೆಯಾದರೆ ದೊಡ್ಡ ಮನೆ, ಒಂದಾದರೆ ಎರಡನೆಯವರದು, ಎರಡಾದರೆ ದೊಡ್ಡತ್ತೆಯದು, ಮೂರಾದರೆ ನಮ್ಮದು, ನಾಲ್ಕಾದರೆ ಕೊನೆಯವರದು. ಎಲ್ಲರಿಗಿಂತ ಹಿರಿಯರ ಮನೆಗೆ ಸೊನ್ನೆ ಬಂತಲ್ಲ ಎಂದು ಆ ಭಾವನಿಗೆ ಎರಡು ದಿನ ಸಮಾಧಾನವಿರಲಿಲ್ಲ. ಕಂಪ್ಯೂಟರ್ ಎಣಿಸುವುದೇ ಸೊನ್ನೆಯಿಂದ, ಅದೇ ಮರ್ಯಾದೆಯ ಜಾಗ ಎಂದು ಹೇಳಿ ಒಪ್ಪಿಸಿದೆ.

ಯುಗಾದಿಗೆ ಸರಿಯಾಗಿ ಒಂದು ವಾರ ಮುಂಚೆ, ಬುಧವಾರ, ನಮ್ಮ ಕಡೆಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಗಿತ್ತು. ತೋಟಕ್ಕೆ ಕರೆಂಟೇ ಇಲ್ಲ. ಲೈನ್‌ಮನ್ ಇವತ್ತು ನಾಳೆ ಅನ್ನುತ್ತಲೇ ಇದ್ದ. ಕರೆಂಟಿಲ್ಲದ ಮೇಲೆ ಮೋಟರ್ ಮನೆಗೆ ಯಾರು ಹೋಗುತ್ತಾರೆ? ಹಬ್ಬವೂ ಹಾಗೇ ಒಣ ಒಣವಾಗಿ ಕಳೆಯಿತು. ಹಬ್ಬ ಮುಗಿದ ಮೇಲೆ ಒಂದು ದಿನ ಐದೂ ಮನೆಯವರು ಬೀಗ ಹಾಕಿಕೊಂಡು ಅರಳಗುಪ್ಪೆಗೆ ನೆಂಟರ ಮದುವೆಗೆ ಹೋದೆವು. ಅವತ್ತೇ ಹೊಸ ಟಿಸಿ ಕೂರಿಸಿದರು. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ನಾವು ವಾಪಸು ಬರುವ ಹೊತ್ತಿಗೆ ಮೋಟರ್ ತಾನೇ ಓಡಿ, ನೀರು ಮುಗಿಸಿ, ಸುಟ್ಟು ಕೂತಿತ್ತು.

ಮೆಕ್ಯಾನಿಕ್ ಬಂದು ಸ್ಟಾರ್ಟರ್ ಪೆಟ್ಟಿಗೆ ತೆರೆದು ತೋರಿಸಿದ. ಸ್ವಿಚ್ ಆಟೋದಲ್ಲಿತ್ತು. ಟಿಸಿ ಸುಟ್ಟ ಬುಧವಾರ ಯಾರ ಸರದಿಯಿತ್ತೋ ಅವರು ಹಾಕಿಟ್ಟು ಮರೆತಿದ್ದಾರೆ, ಅಷ್ಟು ಸ್ಪಷ್ಟ. ಯಾರು ಅನ್ನುವುದು ಸ್ಪಷ್ಟವಿರಲಿಲ್ಲ. ಕರೆಂಟಿಲ್ಲದ ದಿನಗಳಲ್ಲಿ ಸರದಿಯ ಗೊಡವೆಗೇ ಯಾರೂ ಹೋಗಿರಲಿಲ್ಲ. ರಿಪೇರಿಯನ್ನು ಐದೂ ಮನೆ ಸೇರಿ ಮಾಡಿಸುವುದೆಂದು ಆಗಲೇ ಮಾತಾಗಿತ್ತು, ತಕರಾರು ಅದರದಲ್ಲ. ಸುಡುಬೇಸಿಗೆಯಲ್ಲಿ ಮೋಟರ್ ಎತ್ತಿಸಿ ಕಾಯಿಲ್ ಸುತ್ತಿಸಿ ಇಳಿಸುವ ತನಕ ತೋಟ ಒಣಗಬೇಕಲ್ಲ, ಆ ಸಂಕಟಕ್ಕೆ ಒಂದು ಮುಖ ಬೇಕಾಗಿತ್ತು. ಎಲ್ಲರೂ ನನ್ನ ಫೋನಿನ ಕಡೆ ನೋಡಿದರು.

ಆ ಬುಧವಾರದ ತಾರೀಖು ಒತ್ತಿದೆ. ಪರದೆಯ ಮೇಲೆ ಮನೆಯ ಹೆಸರು ಬರಲಿಲ್ಲ. ಬರೀ ಒಂದು ಮೈನಸ್, ಪಕ್ಕದಲ್ಲಿ ಎರಡು.

ಮೈನಸ್ ಎರಡನೇ ಮನೆ ಯಾವ ಊರಲ್ಲೂ ಇಲ್ಲ. ಇದೇನೋ ಸರಿಯಿಲ್ಲ ಎಂದು ನನಗೆ ಆ ಕ್ಷಣವೇ ಅನ್ನಿಸಿತು. ಆದರೆ ಟಿಸಿ ಸುಟ್ಟ ಆ ವಾರ ನನ್ನ ಗಂಡ ಚಿಕ್ಕನಾಯಕನಹಳ್ಳಿಯಲ್ಲಿ ತಂಗಿಯ ಮನೆ ಕಟ್ಟಿಸುವ ಕೆಲಸಕ್ಕೆ ನಿಂತಿದ್ದರು, ನಮ್ಮ ಸರದಿಗೆ ಮೋಟರ್ ಮನೆಗೆ ಹೋದವಳು ನಾನೇ. ಯಾವ ದಿನ ಹೋದೆ, ಸ್ವಿಚ್ಚನ್ನು ಏನು ಮಾಡಿದೆ, ಒಂದೂ ನೆನಪಿರಲಿಲ್ಲ. ಸುತ್ತ ಅಷ್ಟು ಜನ ನಿಂತಿರುವಾಗ ನೆನಪು ಮಾಡಿಕೊಳ್ಳುವ ಇಷ್ಟವೂ ಇರಲಿಲ್ಲ.

"ಮೈನಸ್ ಅಂದ್ರೆ ಯುಗಾದಿಗಿಂತ ಹಿಂದಿನ ದಿನ ಅಂತ ಅಷ್ಟೇ," ಎಂದೆ. "ಎರಡು. ದೊಡ್ಡತ್ತೆ ಮನೇದು."

ದೊಡ್ಡತ್ತೆ ಸೆರಗಿನ ತುದಿ ಹಿಡಿದು ನಿಂತಿದ್ದರು. ತಾನು ಆಟೋಗೆ ಹಾಕುವವಳಲ್ಲ ಎಂದರು, ಒಂದೇ ಸಲ. ಆಮೇಲೆ ಯೋಚಿಸಿ, ಆ ಸುಮಾರಿನಲ್ಲಿ ನೀರು ಬಿಟ್ಟಿದ್ದು ನಿಜ ಎಂದರು. ಮಗ ಅವರ ಮುಖ ನೋಡಿದ. ಬೇರೆಯವರು ಯಾರೂ ಬೈಯಲಿಲ್ಲ, ಬೈದಿದ್ದರೆ ಅವರು ತಿರುಗಿಸಿ ನಾಲ್ಕು ಮಾತು ಕೊಡುತ್ತಿದ್ದರು. ಹೋಗಲಿ ಬಿಡಿ, ವಯಸ್ಸಾಯಿತಲ್ಲ ಎಂದು ಎಲ್ಲರೂ ಒಳ್ಳೆಯ ಮಾತೇ ಆಡಿದರು. ನಾನೂ ಆಡಿದೆ. ಸದ್ಯ ನಮ್ಮ ಮನೆಯಲ್ಲವಲ್ಲ ಎಂದು ಆಗ ನಿರಾಳವಾದದ್ದು ಈಗಲೂ ನೆನಪಿದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮೋಟರ್ ಮತ್ತೆ ಇಳಿಯುವ ಹೊತ್ತಿಗೆ ಅವರ ಸಸಿಗಳು ಒಣಗಿ ಹೋಗಿದ್ದವು. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ ನೋಡಿದರು, ಆ ಬಿಸಿಲಿಗೆ ಸಾಲಲಿಲ್ಲ. ಒಣಗಿದ ಸಸಿಗಳನ್ನು ತಾವೇ ಕಿತ್ತು ಬದುವಿನ ಮೇಲೆ ಹಾಕಿದರು. ನನ್ನ ಕೈಯಾರೆ ಒಣಗಿಸಿದೆ ಕಣವ್ವ ಎಂದು ನನ್ನ ಹತ್ತಿರವೇ ಹೇಳಿಕೊಂಡರು.

ಅಲ್ಲಿಂದ ಅವರು ಬೇರೆಯೇ ಮನುಷ್ಯರಾಗಿಬಿಟ್ಟರು. ಬೀಗ ಹಾಕಿ ಎರಡು ಸಲ ಎಳೆದು ನೋಡುವರು, ಹತ್ತು ಹೆಜ್ಜೆ ಹೋಗಿ ಮತ್ತೆ ಬಂದು ಎಳೆಯುವರು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮಗನನ್ನು ಕೇಳುವರು. ತುರುವೇಕೆರೆಗೆ ಮಗಳ ಮನೆಗೆ ಹೊರಟವರು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಕಿಬ್ಬನಹಳ್ಳಿಯಲ್ಲಿ ಬಸ್ ಇಳಿದು ವಾಪಸು ಬಂದರು. ಗ್ಯಾಸ್ ಆಫ್ ಆಗಿಯೇ ಇತ್ತು. ಯಾರಾದರೂ ಹಳೆಯ ವಿಷಯ ಕೇಳಿದರೆ, ನನ್ನನ್ನು ಕೇಳಬೇಡಿ, ನನ್ನ ತಲೆ ಸರಿಯಿಲ್ಲ ಅನ್ನುತ್ತಿದ್ದರು. ಅವರ ನೆನಪಿನ ಜಂಬ ನನಗೆ ಕಿರಿಕಿರಿ ಎಂದೆನಲ್ಲ. ಅದು ಹೋದ ಮೇಲೆ ಮನೆಗಳ ನಡುವೆ ಮಾತೇ ಕಡಿಮೆಯಾದಂತೆ ಕಂಡಿತು.

ಒಂದು ದಿನ ಸಂಜೆ ನಮ್ಮ ಜಗಲಿಗೆ ಬಂದು ಕೂತು, ತೋಟವನ್ನು ನಿಮಗೇ ಗುತ್ತಿಗೆಗೆ ಕೊಡುತ್ತೇನೆ ಎಂದರು. ಮಗನೂ ಅದನ್ನೇ ಹೇಳುತ್ತಿದ್ದಾನೆ, ನನ್ನಿಂದ ಇನ್ನೊಂದು ಅನಾಹುತ ಆಗುವುದು ಬೇಡ, ಪಕ್ಕದವರು ನೀವೇ ನೋಡಿಕೊಂಡರೆ ಮರಗಳಿಗೂ ಒಳ್ಳೆಯದು ಎಂದರು. ನನ್ನ ಗಂಡ ಒಂದು ಸಲ ಬೇಡವೆಂದಂತೆ ಮಾಡಿ ಒಪ್ಪಿಕೊಂಡರು. ಹೊರಡುವಾಗ ಅವರು ನನ್ನ ಕಡೆ ತಿರುಗಿದರು.

"ಅಂಗೇ ಆ ಫೋನಲ್ಲಿ ನನ್ನ ಸರದಿ ತೆಗೆದುಬುಡವ್ವ. ಐದಿರೋದನ್ನ ನಾಕು ಮಾಡು."

ಆ ಭಾನುವಾರ ಮಧ್ಯಾಹ್ನ ಅದೇ ಕೆಲಸಕ್ಕೆ ಕೂತೆ. ಹೊಸ ಸರದಿಯನ್ನು ಮುದ್ರಿಸಿ ಮೋಟರ್ ಮನೆಯ ಬಾಗಿಲಿಗೆ ಅಂಟಿಸೋಣ ಎಂದು, ಫೋನ್ ಬಿಟ್ಟು ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದೆ. ಲೆಕ್ಕ ಸರಿ ಬರುತ್ತದೋ ನೋಡಲು ಮೊದಲು ಹಳೆಯ ಐದು ಮನೆಯ ಸರದಿಯನ್ನೇ ಹಾಕಿ, ಯುಗಾದಿಯ ಹಿಂದಿನ ದಿನಗಳಿಗೂ ಎಳೆದೆ. ಟಿಸಿ ಸುಟ್ಟ ಬುಧವಾರದ ಎದುರು ಮೂರು ಬಂತು. ಮೂರು ಎಂದರೆ ನಮ್ಮ ಮನೆ.

ಮೊದಲು ಎಕ್ಸೆಲ್ ಅನ್ನೇ ಬೈದೆ. ಫೋನಿನಲ್ಲಿ ಮತ್ತೆ ಒತ್ತಿದೆ, ಅಲ್ಲಿ ಅದೇ ಮೈನಸ್ ಎರಡು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತ ಕೂತ ಮೇಲೆ ಗೊತ್ತಾಯಿತು, ಎರಡೂ ಸುಳ್ಳು ಹೇಳುತ್ತಿರಲಿಲ್ಲ. ಯುಗಾದಿಗೆ ಏಳು ದಿನ ಹಿಂದೆ ಎಂದರೆ ಮೈನಸ್ ಏಳು. ಅದನ್ನು ಐದರಿಂದ ಭಾಗಿಸುವಾಗ, ಫೋನಿನ ಪ್ರೋಗ್ರಾಂ ಬರೆದ ಕಂಪ್ಯೂಟರ್ ಭಾಷೆ ಒಂದೇ ಸುತ್ತು ಹಿಂದಕ್ಕೆ ಹೋಗಿ ಮೈನಸ್ ಐದರಲ್ಲಿ ನಿಲ್ಲುತ್ತದೆ. ಇನ್ನೂ ಎರಡು ದಿನ ಹಿಂದೆ ಹೋಗುವುದು ಬಾಕಿಯಿದೆ ಎನ್ನುವುದಕ್ಕೆ ಮೈನಸ್ ಎರಡು ಎಂದು ತೋರಿಸುತ್ತದೆ. ಎಕ್ಸೆಲ್ ಎರಡು ಪೂರ್ತಿ ಸುತ್ತು ಹಿಂದಕ್ಕೆ ಹೋಗಿ, ಮೈನಸ್ ಹತ್ತರಲ್ಲಿ ನಿಂತು, ಅಲ್ಲಿಂದ ಮುಂದಕ್ಕೆ ಮೂರು ಎಂದು ಎಣಿಸುತ್ತದೆ. ದೊಡ್ಡ ಮನೆಯಿಂದ ಹಿಂದಕ್ಕೆ ಎರಡು ಮನೆ ಹೋದರೂ ನಾವೇ, ಮುಂದಕ್ಕೆ ಮೂರು ಮನೆ ಬಂದರೂ ನಾವೇ. ಮೈನಸ್ ಬಂದರೆ ಒಂದು ಐದನ್ನು ಕೂಡಿಸಿಕೊಳ್ಳಬೇಕಿತ್ತು, ಅಷ್ಟೇ. ನಾನು ಕೂಡಿಸುವ ಬದಲು ಮೈನಸ್ಸನ್ನೇ ಒರೆಸಿ, ಹಿಂದಕ್ಕೆ ಹೋಗಬೇಕಾದ ಎರಡು ಮನೆಯನ್ನು ಮುಂದಕ್ಕೆ ನಡೆಸಿ, ದೊಡ್ಡತ್ತೆಯ ಬಾಗಿಲಲ್ಲಿ ತಂದು ನಿಲ್ಲಿಸಿದ್ದೆ.

ಇದನ್ನು ನಾನು ಪಾಠ ಮಾಡುತ್ತೇನೆ. ಋಣ ಸಂಖ್ಯೆಯ ಶೇಷ ತೆಗೆಯುವಾಗ ಭಾಷೆಯಿಂದ ಭಾಷೆಗೆ ಉತ್ತರ ಬೇರೆಯಾಗುತ್ತದೆ, ಹುಷಾರು ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತೇನೆ. ತಿಳಿಯದೆ ಆದ ತಪ್ಪು ಎಂದು ಹೇಳಿಕೊಳ್ಳಲು ನನಗೆ ಆ ದಾರಿಯೂ ಇಲ್ಲ. ಉತ್ತರ ನನಗೆ ಅನುಕೂಲವಾಗಿತ್ತು, ಅದಕ್ಕೇ ತಾಳೆ ನೋಡಲಿಲ್ಲ.

ಆಮೇಲೆ ಆ ಬೆಳಗ್ಗೆಯೂ ನೆನಪಿಗೆ ಬಂತು. ಬಸ್ಸಿಗೆ ಹೊತ್ತಾಗಿತ್ತು, ಕರೆಂಟ್ ಇನ್ನೂ ಬಂದಿರಲಿಲ್ಲ. ಬಂದಾಗ ಓಡಲಿ, ಕಾಲೇಜಿನಿಂದ ಯಾರಿಗಾದರೂ ಫೋನ್ ಮಾಡಿ ನಿಲ್ಲಿಸಲು ಹೇಳಿದರಾಯಿತು ಎಂದು ಆಟೋಗೆ ತಿರುಗಿಸಿ ಓಡಿದ್ದೆ. ಅವತ್ತು ಕರೆಂಟ್ ಬರಲೇ ಇಲ್ಲ. ಫೋನ್ ಮಾಡುವ ಪ್ರಸಂಗವೂ ಬರಲಿಲ್ಲ.

ಗಂಡನಿಗೆ ಹೇಳಿದೆ. ಈಗ ಕೆದಕಿ ಏನು ಪ್ರಯೋಜನ, ಎಲ್ಲರೂ ಮರೆತಿದ್ದಾರೆ, ಹೇಗೂ ತೋಟ ಬಿಡುವ ವಯಸ್ಸೇ ಎಂದರು. ಅವರ ಮೇಲೆ ರೇಗಿದೆ. ಅವರು ಹೇಳಿದ್ದನ್ನು ಅವರಿಗಿಂತ ಮುಂಚೆ ನಾನೇ ಯೋಚಿಸಿದ್ದೆ, ಅದಕ್ಕೇ ಅಷ್ಟು ಸಿಟ್ಟು ಬಂದದ್ದು. ಇನ್ನೆರಡು ದಿನದಲ್ಲಿ ದೊಡ್ಡತ್ತೆಯ ತೋಟ ನಮ್ಮ ಕೈಗೆ ಬರುವುದಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು.

ಮರುದಿನ ಬೆಳಗ್ಗೆ ಕಾಲೇಜಿಗೆ ರಜೆ ಹೇಳಿ ಅವರ ಮನೆಗೆ ಹೋದೆ. ದೊಡ್ಡತ್ತೆ ಅಂಗಳದಲ್ಲಿ ಕಾಯಿ ಸುಲಿಸಿ ಹಾಕಿದ್ದ ಗುಡ್ಡೆಯ ಪಕ್ಕ ಕೂತಿದ್ದರು. ಫೋನ್ ತಪ್ಪು ಹೇಳಿತ್ತು ದೊಡ್ಡತ್ತೆ, ಆಟೋಗೆ ಹಾಕಿದ್ದು ನೀವಲ್ಲ ಎಂದೆ. ನೋಡಿ, ಆಗಲೂ ಫೋನ್ ಎಂದೆ. ಹಾಕಿದ್ದು ಯಾರು ಅನ್ನುವುದನ್ನು ಬಿಟ್ಟೆ.

ಅವರು ನಂಬಲಿಲ್ಲ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದೀಯ ಎಂದರು. ಆಗ ನಾನು ಐದು ಕಾಯಿ ತೆಗೆದು ಅವರ ಮುಂದೆ ದುಂಡಗೆ ಇಟ್ಟೆ. ಇದು ದೊಡ್ಡ ಮನೆ, ಇದು ಎರಡನೆಯವರು, ಇದು ನೀವು, ಇದು ನಾವು, ಇದು ಕೊನೆಯವರು. ಯುಗಾದಿ ದೊಡ್ಡ ಮನೆಯದು, ಅಲ್ಲಿಂದ ಹಿಂದಕ್ಕೆ ಹೋಗಿ, ಬುಧವಾರದ ತನಕ ಎಂದೆ.

ಅವರು ಬೆರಳಿಟ್ಟು ಹೊರಟರು. ಹಬ್ಬದ ಹಿಂದಿನ ದಿನ ಕೊನೆಯವರದು. ಅದರ ಹಿಂದಿನ ದಿನ ನಮ್ಮದು. ಆಮೇಲೆ ಅವರದು, ಎರಡನೆಯವರದು, ದೊಡ್ಡ ಮನೆಯದು. ಅಲ್ಲಿಗೆ ಒಂದು ಸುತ್ತು. ಇನ್ನೆರಡು ದಿನ ಉಳಿದಿತ್ತು. ಬೆರಳು ಮತ್ತೆ ಕೊನೆಯವರ ಕಾಯಿಗೆ ಹೋಯಿತು, ಅಲ್ಲಿಂದ ನಮ್ಮ ಕಾಯಿಗೆ ಬಂದು ನಿಂತಿತು. ತೆಗೆಯಲಿಲ್ಲ.

"ಹೌದು ದೊಡ್ಡತ್ತೆ. ನಾನೇ ಹಾಕಿದ್ದು," ಎಂದೆ. ಅಳು ಬಂತು. ಅವರ ಮುಂದೆ ಅಳುವ ಹಕ್ಕೂ ನನಗಿಲ್ಲ ಅನ್ನಿಸಿ ನುಂಗಿಕೊಂಡೆ.

ಅವರು ಕಾಯಿಯ ಮೇಲಿದ್ದ ಬೆರಳನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು.

"ಅದ್ರ ಹಿಂದಿನ ದಿನ ನನ್ನ ಸರದಿ. ಕುಡುಗೋಲು ತೋಟದಲ್ಲೇ ಮರ್ತು ಬಂದಿದ್ದೆ. ಬೆಳಿಗ್ಗೆ ತರಕ್ಕೆ ಹೋದಾಗ ನೀನು ಮೋಟ್ರು ಮನೆಯಿಂದ ಬ್ಯಾಗ್ ಹಾಕ್ಕಂಡು ಓಡೋಗ್ತಾ ಇದ್ದೆ. ಅದು ನಂಗೆ ಚೆನ್ನಾಗಿ ನೆಪ್ಪಿತ್ತು ಕಣವ್ವ. ನೀನು ಫೋನ್ ನೋಡಿ ಹೇಳಿದ್ ಮ್ಯಾಕೆ, ಅದೂ ನನ್ನ ತಲೆ ಕೆಟ್ಟು ಕಂಡಿದ್ದು ಅಂದ್ಕಂಡೆ."

ಅವರು ನೋಡಿದ್ದು ನಿಜವಾಗಿತ್ತು. ನನ್ನ ಒಂದು ಮಾತಿಗೆ ಅದನ್ನು ಸುಳ್ಳೆಂದು ತಳ್ಳಿ, ಅದರ ಜೊತೆಗೆ ಉಪ್ಪು, ಬೀಗ, ಗ್ಯಾಸ್ ಎಲ್ಲದರ ನಂಬಿಕೆಯನ್ನೂ ತಳ್ಳಿಬಿಟ್ಟಿದ್ದರು. ಕ್ಷಮಿಸಿ ಎಂದೆ. ಅವರು ಪರವಾಗಿಲ್ಲ ಎನ್ನಲಿಲ್ಲ. ನನಗೆ ಅದು ಸರಿಯಾಗಿಯೇ ಕಂಡಿತು. ಕಾಯಿಗಳನ್ನು ಒಂದೊಂದಾಗಿ ಗುಡ್ಡೆಗೆ ಹಾಕಿ, ತೋಟ ಕೊಡುವುದಿಲ್ಲ ಎಂದು ನಿನ್ನ ಗಂಡನಿಗೆ ಹೇಳು ಎಂದರು.

ಅವತ್ತು ಸಂಜೆ ಐದೂ ಮನೆಯವರನ್ನು ಮೋಟರ್ ಮನೆಯ ಹತ್ತಿರ ಕರೆದು ನಾನೇ ಹೇಳಿದೆ. ಮೈನಸ್ಸಿನ ವಿವರ ಯಾರಿಗೂ ಬೇಕಿರಲಿಲ್ಲ. ದೊಡ್ಡ ಮನೆಯ ಭಾವ, ನಾವು ಬೆರಳಲ್ಲಿ ಎಣಿಸುತ್ತಿದ್ದುದೇ ವಾಸಿ ಎಂದು ಗೊಣಗಿದರು. ದೊಡ್ಡತ್ತೆಯ ಮಗ ನನ್ನ ಕಡೆ ನೋಡಲೇ ಇಲ್ಲ, ತಾಯಿಯ ಪಕ್ಕ ಹೋಗಿ ನಿಂತ. ವಯಸ್ಸಾಯಿತು ಎಂದು ಒಳ್ಳೆಯ ಮಾತಾಡಿದ್ದವರಿಗೆ ಈಗ ಯಾವ ಒಳ್ಳೆಯ ಮಾತು ಆಡಬೇಕೋ ತೋಚಲಿಲ್ಲ. ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದರು. ನನ್ನಿಂದ ಅವರಿಗೂ ಅವಮಾನವಾಯಿತು.

ಫೋನಿನಲ್ಲಿ ಐದನ್ನು ಐದಾಗಿಯೇ ಬಿಟ್ಟೆ. ಮೈನಸ್ ಬಂದರೆ ಐದು ಕೂಡಿಸುವ ಸಾಲನ್ನೂ ಬರೆದೆ. ಅದು ಒಂದು ನಿಮಿಷದ ಕೆಲಸ.

ಅದಾದ ಮೇಲೆ ಬಂದ ಅವರ ಮೊದಲ ಸರದಿಯ ದಿನ ನಾನು ತೋಟದಲ್ಲಿದ್ದೆ. ದೊಡ್ಡತ್ತೆ ಬಂದರು, ಮೋಟರ್ ಹಾಕಿದರು, ಬದುವಿನ ಮೇಲೆ ಕೂತು ಕಾದರು, ನೀರು ಸಣ್ಣಗಾದ ಕೂಡಲೇ ಎದ್ದು ಹೋಗಿ ನಿಲ್ಲಿಸಿದರು. ಸ್ವಿಚ್ಚನ್ನು ಕೆಳಕ್ಕೆ ಎಳೆದದ್ದನ್ನು ನಾನು ನನ್ನ ಕಣ್ಣಿಂದ ನೋಡಿದೆ. ಬಾಗಿಲು ಮುಂದೆ ಮಾಡಿಕೊಂಡು ಹೊರಟು, ಅರ್ಧ ದಾರಿಯಲ್ಲಿ ನನ್ನ ಹತ್ತಿರಕ್ಕೆ ಬಂದು ನಿಂತರು. ಮುಖದಲ್ಲಿ ಮತ್ತೆ ಅದೇ ಅನುಮಾನ ಕಂಡಿತು.

"ಆಫ್ ಮಾಡಿದ್ನೇನವ್ವ?"

"ಮಾಡಿದ್ರಿ ದೊಡ್ಡತ್ತೆ. ನಾನು ನೋಡ್ದೆ," ಎಂದೆ.

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಿರುಗಿ, ತಾವೇ ನೋಡಿಕೊಂಡು ಬರಲು ಮೋಟರ್ ಮನೆಯ ಕಡೆಗೆ ನಡೆದರು.